ಕಾಲಿಂಚು ಮಾಸ್ಟರ ಸೊಂಟದಳತೆ

ಊರಿನ ಅರ್ಧ ಗಂಡಸರ ಪ್ಯಾಂಟುಗಳನ್ನು ನಲವತ್ತು ವರ್ಷ ಸೊಂಟದ ಮೇಲೆ ನಿಲ್ಲಿಸಿದ್ದ ಮನುಷ್ಯನ ಸ್ವಂತ ಪ್ಯಾಂಟು ಜಾರಿದ್ದು ಕಾನ್ವೆಂಟ್ ಶಾಲೆಯ ಪ್ರಿನ್ಸಿಪಾಲರ ಕೋಣೆಯಲ್ಲಿ. ಬೆಳಗಿನ ಹನ್ನೊಂದು ಗಂಟೆ. ಕಿಟಕಿಗಳು ದೊಡ್ಡವು. ಬೆಳಕಿಗೆ ಕೊರತೆಯಿರಲಿಲ್ಲ.

ಶಾಲೆಯ ಗೇಟ್ ಕಾಯುವವನಿಗೆ ಹೊಸ ಕೋಟು ಹೊಲಿಯಬೇಕಿತ್ತು. ಅವನು ಆರಡಿ ಎತ್ತರದ ಆಸಾಮಿ. ಅವನ ಭುಜ ಅಳೆಯಲು ದರ್ಜಿ ಎರಡೂ ಕೈ ಮೇಲೆತ್ತಿದರು. ಟೇಪು ಮೇಲೆ ಹೋಯಿತು, ಪ್ಯಾಂಟು ಕೆಳಗೆ ಬಂತು. ಗೇಟಿನವನು ನಗಲಿಲ್ಲ. ಅಳತೆ ಕೊಡುವಾಗ ನಕ್ಕರೆ ಎದೆ ಅರ್ಧ ಇಂಚು ಹಿಗ್ಗುತ್ತದೆ ಎಂದು ಎರಡು ನಿಮಿಷದ ಹಿಂದಷ್ಟೇ ಅವರೇ ಅವನನ್ನು ಗದರಿದ್ದರು. ಮೇಜಿನಾಚೆ ಕೂತಿದ್ದ ಪ್ರಿನ್ಸಿಪಾಲ್ ಮದರ್ ತಲೆಯೆತ್ತದೆ ಹೇಳಿದರು.

"ಮಾಸ್ಟ್ರೇ, ದೇವರು ಎಲ್ಲವನ್ನೂ ನೋಡ್ತಾನೆ. ನಾನು ಮಾತ್ರ ಈ ಫೈಲ್ ನೋಡ್ತಿದೀನಿ. ಆರಾಮಾಗಿ ಸರಿಮಾಡ್ಕೊಳ್ಳಿ."

ಮಾಸ್ಟರು ಪ್ಯಾಂಟು ಎತ್ತಿಕೊಂಡು, ಜೇಬಿನಲ್ಲಿದ್ದ ದಾರವನ್ನು ನಾಲ್ಕು ಎಳೆ ಮಾಡಿ ಬಿಗಿದುಕೊಂಡರು. ಆಮೇಲೆ ಮದರ್ ಫೈಲ್ ಮುಚ್ಚಿದರು.

"ಎಷ್ಟು ಇಳಿದಿದೀರಿ?"

"ಹೆಚ್ಚೇನಿಲ್ಲ ಮದರ್. ಕಾಲಿಂಚು."

"ನಾನು ಮೂವತ್ತು ವರ್ಷ ಗಣಿತ ಹೇಳ್ಕೊಟ್ಟವಳು. ಇವತ್ತೇ ಆಸ್ಪತ್ರೆಗೆ ಹೋಗಿ."

'ಕಾಲಿಂಚು' ಅವರ ಅಡ್ಡಹೆಸರೂ ಹೌದು, ಜೀವನಸಿದ್ಧಾಂತವೂ ಹೌದು. ಯಾವ ಬಟ್ಟೆ ಕೊಟ್ಟರೂ "ಹೊಲಿಗೆ ಒಳಗೆ ಕಾಲಿಂಚು ಬಿಟ್ಟಿರ್ತೀನಿ, ನಾಳೆ ಮೈ ಬಂದ್ರೆ ಬಿಚ್ಕೊಳ್ಳಬಹುದು" ಎನ್ನುತ್ತಿದ್ದರು. ಮನುಷ್ಯ ದಪ್ಪಗಾಗುವ ಪ್ರಾಣಿ ಎಂಬುದರಲ್ಲಿ ಅವರಿಗೆ ಅಚಲ ನಂಬಿಕೆ. ಅದೇ ಬೀದಿಯ ಗಿರಾಕಿಯಾದ ನನ್ನ ಹೊಟ್ಟೆ ಅವರ ಆ ನಂಬಿಕೆಯನ್ನು ಒಮ್ಮೆಯೂ ಸುಳ್ಳು ಮಾಡಿಲ್ಲ. ಇಪ್ಪತ್ತು ವರ್ಷಗಳ ಅದರ ಚರಿತ್ರೆ ಅವರ ಅಳತೆ ಪುಸ್ತಕದಲ್ಲಿ ತಾರೀಖಿನ ಸಮೇತ ದಾಖಲಾಗಿದೆ.

ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಳಗೆ ಹೋಗುವವರೆಲ್ಲ ಬಾಗಬೇಕು, ಒಳಗಿರುವವರು ಬಾಗಿಯೇ ಇರುತ್ತಾರೆ. ಎರಡು ಹೊಲಿಗೆ ಯಂತ್ರ, ಮೂಲೆ ಒಡೆದ ನಿಲುವುಗನ್ನಡಿ, ತಂತಿಯಲ್ಲಿ ತೋಳಿಲ್ಲದೆ ನೇತಾಡುವ ಅರೆಬರೆ ಕೋಟುಗಳು, ಮಧ್ಯದಲ್ಲಿ ಕತ್ತರಿಸುವ ಮೇಜು. ಬಾಗಿಲ ಪಕ್ಕದ ಯಂತ್ರ ಅವರ ಹೆಂಡತಿಯದು. ಆಕೆಯನ್ನು ಬೀದಿಯೆಲ್ಲ ಅಕ್ಕ ಎನ್ನುತ್ತಿತ್ತು. ಕಾಜ, ಗುಂಡಿ, ಅಂಚು, ಹಳೆಯ ಬಟ್ಟೆ ಬಿಚ್ಚಿ ಚಿಕ್ಕದೊಡ್ಡ ಮಾಡುವುದು, ಇಷ್ಟೂ ಅಕ್ಕನ ಕೆಲಸ. ಹೊಸ ಬಟ್ಟೆಗೆ ಕತ್ತರಿ ಹಾಕುವುದು ಮಾತ್ರ ಮಾಸ್ಟರೇ. ಆ ದೊಡ್ಡ ಕತ್ತರಿಗೆ ಮೂವತ್ತು ವರ್ಷದಲ್ಲಿ ಹೆಂಡತಿಯ ಬೆರಳು ಸೋಕಲು ಬಿಟ್ಟವರಲ್ಲ. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು. ಕತ್ತರಿ ತಪ್ಪಿದ್ರೆ ಏನು ಬಿಚ್ಚುತೀಯ?" ಎನ್ನುತ್ತಿದ್ದರು.

ಬೆನ್ನುನೋವು ಶುರುವಾಗಿ ಆರು ತಿಂಗಳಾಗಿತ್ತು. ಮಲಗಿದರೆ ಜಾಸ್ತಿ, ನೆಟ್ಟಗೆ ನಿಂತರೆ ಇನ್ನೂ ಜಾಸ್ತಿ, ಯಂತ್ರದ ಮೇಲೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ಹಾಗಾಗಿ ಕೆಲಸವೇ ಮದ್ದು ಎಂದುಕೊಂಡಿದ್ದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಹೊಟ್ಟೆಯ ಹಿಂದೆ, ಮೇದೋಜೀರಕ ಗ್ರಂಥಿಯಲ್ಲಿ, ಗಡ್ಡೆ ಕಂಡಿತು. ಆಪರೇಷನ್ನಿನ ಹಂತ ದಾಟಿತ್ತು. ಅದನ್ನು ಹೇಳಿದವರು ನೋವಿನ ವಿಭಾಗದ ಡಾಕ್ಟರಮ್ಮ. ಆಕೆ ಹೇಳುವಷ್ಟು ಹೊತ್ತೂ ಮಾಸ್ಟರು ಆಕೆಯ ಬಿಳಿ ಕೋಟಿನ ಎಡಭುಜ ನೋಡುತ್ತಿದ್ದರು. ಅರ್ಧ ಇಂಚು ಇಳಿದಿತ್ತು.

"ಏನಾದ್ರೂ ಕೇಳೋದಿದೆಯಾ?" ಎಂದರು ಡಾಕ್ಟರಮ್ಮ.

"ಎಷ್ಟು ದಿನ?"

"ತಿಂಗಳುಗಳ ಲೆಕ್ಕ. ಒಂದು ಕೈ ಬೆರಳು ಸಾಕಾಗಬಹುದು."

ಮಾಸ್ಟರು ಬಸ್ಸಿನಲ್ಲಿ ಬರುವಾಗ ಬೆರಳು ಮಡಿಚಿ ನೋಡಿಕೊಂಡರು. ಶಾಲೆಯ ಅರವತ್ತು ಕೋಟುಗಳ ಕೆಲಸ ಪ್ರತಿವರ್ಷ ಅವರದೇ. ಅಂಗಡಿ ನಿಂತಿದ್ದೇ ಅದರ ಮೇಲೆ. ಕತ್ತರಿಸುವವರಿಲ್ಲದ ಅಂಗಡಿಗೆ ಯಾರು ಕೊಡುತ್ತಾರೆ? ಅಕ್ಕನಿಗೆ ಬೇರೆ ಆಸರೆಯಿರಲಿಲ್ಲ. ಮಕ್ಕಳಿರಲಿಲ್ಲ. ಮಾಸ್ಟರು ತಮ್ಮ ಗುರುವಿನ ಬಳಿ ಕತ್ತರಿ ಕಲಿಯಲು ಮೂರು ವರ್ಷ ಹಿಡಿದಿತ್ತು. ಈಗ ಅದನ್ನೇ ಹೆಂಡತಿಗೆ ಒಂದು ಕೈ ಬೆರಳಿನಷ್ಟು ತಿಂಗಳಲ್ಲಿ ಕಲಿಸಿ ಮುಗಿಸಬೇಕು. ಒಂದೊಂದು ದಿನವೂ ಬೇಕಾಗಿತ್ತು.

ಆ ದಿನ ಅಕ್ಕ ಅವರ ಸೊಂಟದ ದಾರ ನೋಡಿ ಕೈ ಚಾಚಿದರು.

"ಬಿಚ್ಚಿಕೊಡಿ ರೀ. ಐದು ನಿಮಿಷದ ಕೆಲಸ, ಸೊಂಟ ಹಿಡಿದು ಚಿಕ್ಕದು ಮಾಡಿಕೊಡ್ತೀನಿ."

"ಬೇಡ. ಮೈ ಬಂದ್ಮೇಲೆ ಮತ್ತೆ ಬಿಚ್ಚೋದು ಯಾಕೆ ದಂಡಕ್ಕೆ?"

ಅಕ್ಕ ಮತ್ತೆ ಕೇಳಲಿಲ್ಲ.

ಡಾಕ್ಟರಮ್ಮ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಜೊತೆಗೊಂದು ಸಿರಪ್ಪು. "ಮಾತ್ರೆ ಎಷ್ಟು ಮುಖ್ಯವೋ ಸಿರಪ್ಪೂ ಅಷ್ಟೇ ಮುಖ್ಯ" ಎಂದು ಎರಡು ಸಲ ಹೇಳಿದ್ದರು. ಮಾಸ್ಟರು ಅಂಗಡಿಗೆ ಬಂದು ಬಾಟಲಿಯ ಚೀಟಿ ಓದಿದರು. ಅದು ಹೊಟ್ಟೆ ಸಡಿಲಿಸುವ ಮದ್ದು. ಅರವತ್ತಮೂರರ ಮನುಷ್ಯನಿಗೆ ಅವಮಾನವಾಯಿತು. ಕ್ಯಾನ್ಸರ್ ಬಂದವನಿಗೆ ಒಂದು ಘನತೆ ಇರುತ್ತದೆ, ಅದನ್ನು ಭೇದಿ ಔಷಧಿ ಕುಡಿದು ಹಾಳುಮಾಡಿಕೊಳ್ಳುವುದೇ? ಬಾಟಲಿಯನ್ನು ದಾರ ಸುತ್ತಿದ ಬಾಬಿನ್ ಡಬ್ಬಿಯ ಹಿಂದೆ ಸೇರಿಸಿದರು.

ಮಾತ್ರೆ ಕೆಲಸ ಮಾಡಿತು. ಎರಡನೆಯ ದಿನ ಮೇಜಿನ ಮುಂದೆ ನೆಟ್ಟಗೆ ನಿಂತರು. ಐದನೆಯ ದಿನದ ಹೊತ್ತಿಗೆ ಹೆಂಡತಿಗೆ ಪ್ಯಾಂಟಿನ ಮುಂಭಾಗ ಗುರುತು ಹಾಕಲು ಕಲಿಸಿದ್ದರು, ಅದೂ ಬೈಯದೆ. ಬೈಯದೆ ಕಲಿಸುವ ಗಂಡನನ್ನು ನೋಡಿ ಅಕ್ಕನಿಗೇ ಭಯವಾಯಿತಂತೆ.

ಆ ಸುಖಕ್ಕೆ ಕಲ್ಲು ಹಾಕಿದವನು ಅಕ್ಕನ ತಮ್ಮ. ಬೀದಿಯ ತುದಿಯಲ್ಲಿ ಅವನದು ಕನ್ನಡಕದ ಅಂಗಡಿ. ಚಿಕ್ಕ ಅಕ್ಷರ ಓದಿಸುವುದು ಅವನ ಕಸುಬು, ಆದರೆ ತಾನು ಓದುವುದು ದಪ್ಪಕ್ಷರದ ತಲೆಬರಹ ಮಾತ್ರ. ಫೋನ್ ಹಿಡಿದುಕೊಂಡೇ ಬಂದ.

"ಭಾವ, ನೀವು ತಗೊಳ್ತಿರೋದು ಮಾರ್ಫಿನ್ ಅಲ್ವಾ? ಅದರಿಂದ ಗಡ್ಡೆ ಬೆಳೆಯುತ್ತಂತೆ. ಇಲಿಗಳ ಮೇಲೆ ನೋಡಿದಾರೆ. ಇಲ್ಲಿದೆ ನೋಡಿ."

"ನಿನಗೆ ಗಿರಾಕಿ ಇಲ್ವೇನೋ?" ಎಂದರು ಅಕ್ಕ.

"ಒಳ್ಳೇದಕ್ಕೆ ಹೇಳಿದ್ರೆ ನನ್ನನ್ನೇ ಬೈತೀಯಲ್ಲಕ್ಕ."

ಮಾಸ್ಟರು ಕೈಯಲ್ಲಿದ್ದ ಬಳಪ ಕೆಳಗಿಟ್ಟರು. ಎದ್ದು ಟೇಪು ತೆಗೆದು ಹೊಕ್ಕುಳಿನ ಮೇಲೆ ಸುತ್ತಿ ನೋಡಿದರು. ಆಮೇಲೆ ಅಳತೆ ಪುಸ್ತಕ ತೆರೆದರು. ಕಾಯಿಲೆ ಗೊತ್ತಾದ ದಿನದಿಂದ ಅದರಲ್ಲಿ ತಮಗೂ ಒಂದು ಪುಟ ಇಟ್ಟಿದ್ದರು, ದಿನಾ ಬೆಳಿಗ್ಗೆ ಒಂದು ಸಾಲು. ಮಾತ್ರೆ ಶುರುಮಾಡಿದ ದಿನ ಮೂವತ್ತೊಂದೂವರೆ. ಆಮೇಲೆ ದಿನಾ ಒಂಚೂರು ಏರಿದ ಅಂಕಿಗಳು. ಇವತ್ತು ಮೂವತ್ತಮೂರು.

ಕೈಕಾಲು ಕಡ್ಡಿಯಾಗುತ್ತಿರುವ ಮನುಷ್ಯನ ಹೊಟ್ಟೆ ಮಾತ್ರ ಐದು ದಿನದಲ್ಲಿ ಒಂದೂವರೆ ಇಂಚು ಬೆಳೆದಿದೆ. ಬೇರೆ ಯಾರಾದರೂ ಆಗಿದ್ದರೆ ಹೊಟ್ಟೆ ಉಬ್ಬರಿಸಿದೆ ಎಂದು ಸುಮ್ಮನಾಗುತ್ತಿದ್ದರು. ದರ್ಜಿ ಸುಮ್ಮನಾಗುವುದು ಹೇಗೆ?

"ಫೋನ್ ಸುಳ್ಳು ಹೇಳಬಹುದು. ಟೇಪು ಹೇಳಲ್ಲ," ಎಂದರು. ಮಾತ್ರೆಯ ಪಟ್ಟಿಯೂ ಬಾಬಿನ್ ಡಬ್ಬಿಯ ಹಿಂದೆ, ಸಿರಪ್ಪಿನ ಪಕ್ಕಕ್ಕೆ ಹೋಯಿತು.

ನೋವು ಮೂರನೆಯ ಮಾತ್ರೆ ತಪ್ಪಿದ ಹೊತ್ತಿಗೇ ಮರಳಿ ಬಂತು, ಬಾಡಿಗೆ ಮನೆಗೆ ಮಾಲೀಕ ಬಂದ ಹಾಗೆ, ಬಾಗಿಲು ತಟ್ಟದೆ. ಹೊಟ್ಟೆ ಮೂವತ್ತಮೂರಕ್ಕೇ ನಿಂತಿತು. ಇದು ಅವರಿಗೆ ಇನ್ನೊಂದು ಸಾಕ್ಷಿ: ಮಾತ್ರೆ ನಿಂತಿತು, ಬೆಳವಣಿಗೆಯೂ ನಿಂತಿತು. ನೋವು ತಿಂದು ದಿನ ಉಳಿಸುತ್ತಿದ್ದೇನೆ ಎಂದು ಲೆಕ್ಕ ಹಾಕಿದರು. ಉಳಿಸಿದ ದಿನಗಳಲ್ಲಿ ಏನಾಯಿತು ಎಂಬುದನ್ನು ಬೀದಿಯವರೆಲ್ಲ ಕೇಳಿಸಿಕೊಂಡೆವು.

"ಅಲ್ಲಲ್ಲ, ಗೆರೆ ಒಳಗೆ ಅಂದೆ. ಕಣ್ಣಿದೆಯೋ ಗುಂಡಿ ಇದೆಯೋ?"

"ಮೊದಲು ಹೊರಗೆ ಅಂದ್ರಿ."

"ಮೊದಲು ಅಂದಿದ್ದು ಮೊದಲಿಗಾಯ್ತು."

ಮೇಜಿನ ಅಂಚಿಗೆ ಹೊಟ್ಟೆ ಒತ್ತಿ ನಿಲ್ಲುತ್ತಿದ್ದರು. ಎರಡು ಮಾತು ಹೇಳಿ ಕೂರುತ್ತಿದ್ದರು. ಕೂತರೆ ಮೇಜಿನ ಮೇಲಿನ ಬಟ್ಟೆ ಕಾಣುತ್ತಿರಲಿಲ್ಲ. ಹೇಳುವುದು ಮರೆತು ಬೈಯುತ್ತಿದ್ದರು, ಬೈಯುವುದು ಮರೆತು ಕಣ್ಣು ಮುಚ್ಚುತ್ತಿದ್ದರು.

ಆರನೆಯ ದಿನ, ತೋರಿಸಿಯೇ ಕೊಡುತ್ತೇನೆಂದು, ಗೇಟಿನವನ ಕೋಟಿಗೆ ತಾವೇ ಕತ್ತರಿ ಹಿಡಿದರು. ಬಟ್ಟೆಯನ್ನು ಒಳಮೈಗೆ ಒಳಮೈ ಕೂಡಿಸಿ ಎರಡು ಪದರ ಮಡಚಿ ಕತ್ತರಿಸಿದರೆ ಒಂದೇ ಸಲಕ್ಕೆ ಎಡ ಬಲ ಎರಡೂ ಸಿಗುತ್ತವೆ. ಯಾವ ದರ್ಜಿಯೂ ಇದನ್ನು ಯೋಚಿಸಿ ಮಾಡುವುದಿಲ್ಲ, ಉಸಿರಾಡಿದ ಹಾಗೆ ಮಾಡುತ್ತಾನೆ. ಮಾಸ್ಟರು ಅವತ್ತು ಮಡಚಲಿಲ್ಲ. ಒಂದು ತುಂಡು ಕತ್ತರಿಸಿ, ಅದನ್ನೇ ತಿರುವಿ ಹಾಕದೆ ಅದೇ ಮೈಯಲ್ಲಿ ಇಟ್ಟು ಇನ್ನೊಂದು ಕತ್ತರಿಸಿದರು. ಅಕ್ಕ ಎರಡನ್ನೂ ಎತ್ತಿ ಎದೆಗೆ ಹಿಡಿದು ನೋಡಿದರು. ಎರಡೂ ಎಡಭಾಗ.

ಮಾಸ್ಟರು ಕತ್ತರಿ ಮೇಜಿನ ಮೇಲಿಟ್ಟು, ಮೆಲ್ಲಗೆ ನೆಲದ ಮೇಲೆ, ಚಿಂದಿ ಬಟ್ಟೆಗಳ ಮೇಲೆ ಕೂತರು. ಕಣ್ಣೊರೆಸಿಕೊಂಡರು, ನಲವತ್ತು ವರ್ಷದಲ್ಲಿ ಮೊದಲ ಸಲ. ಅಳೆಯುವವನು ಅಳುವುದಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆ ತಮಾಷೆಯನ್ನು ನಾನು ಮತ್ತೆ ಮಾಡಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕ ಅವರನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದರು. ಬಾಬಿನ್ ಡಬ್ಬಿಯ ಹಿಂದಿನ ಸಾಮಾನು, ಅಳತೆ ಪುಸ್ತಕ ಎಲ್ಲ ಚೀಲದಲ್ಲಿತ್ತು. ಡಾಕ್ಟರಮ್ಮ ಆ ಪುಟವನ್ನು ಬಹಳ ಹೊತ್ತು ನೋಡಿದರು. ತಮ್ಮ ಕೈಕೆಳಗಿನವರೂ ಇಷ್ಟು ಚೊಕ್ಕವಾಗಿ ಬರೆಯುವುದಿಲ್ಲ ಎಂದರು. ಆಮೇಲೆ ಮಾಸ್ಟರನ್ನು ಮಲಗಿಸಿ, ಹೊಟ್ಟೆಯನ್ನು ಒತ್ತಿ, ಬೆರಳಿನಿಂದ ತಟ್ಟಿ ನೋಡಿದರು.

"ಸರಿಯಾಗಿ ಹೊರಗೆ ಹೋಗಿ ಎಷ್ಟು ದಿನ ಆಯ್ತು?"

ಮಾಸ್ಟರು ಗೋಡೆ ನೋಡಿದರು.

"ಹನ್ನೊಂದು ದಿನ," ಎಂದರು ಅಕ್ಕ.

"ನಿನಗ್ಯಾಕೆ ಆ ಲೆಕ್ಕ?"

"ಒಂದೇ ಕಕ್ಕಸು ಇರೋ ಮನೇಲಿ ಲೆಕ್ಕ ತಾನಾಗೇ ಸಿಗುತ್ತೆ ರೀ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಮಾಸ್ಟ್ರೇ, ಯಾವ ಗಡ್ಡೆಯೂ ಐದು ದಿನಕ್ಕೆ ನಿಮ್ಮ ಸೊಂಟವನ್ನ ಒಂದೂವರೆ ಇಂಚು ಹಿಗ್ಗಿಸಲ್ಲ. ನೀರೂ ತುಂಬಿಲ್ಲ. ಮಾರ್ಫಿನ್ ನೋವಿನ ಜೊತೆ ಕರುಳನ್ನೂ ಮಲಗಿಸಿಬಿಡುತ್ತೆ. ಅದಕ್ಕೇ ಸಿರಪ್ ಕೊಟ್ಟಿದ್ದು. ನೀವು ಬರೆದಿಟ್ಟಿರೋದು ಗಡ್ಡೆಯ ಅಳತೆ ಅಲ್ಲ."

ಅದು ಯಾವುದರ ಅಳತೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾಸ್ಟರು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ಹಾಗಾದ್ರೆ ನನ್ನ ಭಾವಮೈದ ಓದಿದ್ದು ಸುಳ್ಳಾ?"

'ಹೌದು' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೂರ್ತಿ ಸುಳ್ಳಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣಗಳಿಗೆ, ಇಲಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದಾರೆ. ಕೆಲವು ಪ್ರಯೋಗದಲ್ಲಿ ಗಡ್ಡೆ ಬೇಗ ಬೆಳೀತು, ಅದಕ್ಕೆ ಹೊಸ ರಕ್ತನಾಳ ಬಂತು. ಇನ್ನು ಕೆಲವದರಲ್ಲಿ ಬೆಳವಣಿಗೆ ಕಡಿಮೆಯೇ ಆಯ್ತು. ನೋವಿನಲ್ಲೇ ಬಿಟ್ಟ ಇಲಿಗಳಲ್ಲಿ ಕಾಯಿಲೆ ಜಾಸ್ತಿ ಹರಡಿದ್ದೂ ಇದೆ."

"ಮನುಷ್ಯರಲ್ಲಿ?"

"ಹಳೇ ದಾಖಲೆ ತೆಗೆದು ನೋಡಿದಾರೆ. ಜಾಸ್ತಿ ಮಾರ್ಫಿನ್ ತಗೊಂಡೋರು ಕಡಿಮೆ ದಿನ ಬದುಕಿದ್ದು ಕೆಲವು ಕಡೆ ಕಾಣುತ್ತೆ. ಆದರೆ ಕಾಯಿಲೆ ಜಾಸ್ತಿ ಇರೋರಿಗೇ ನೋವು ಜಾಸ್ತಿ, ಅವರೇ ಜಾಸ್ತಿ ತಗೊಳ್ಳೋದು. ಯಾವುದರಿಂದ ಯಾವುದು ಅಂತ ಬಿಡಿಸೋದು ಕಷ್ಟ."

ಮಾಸ್ಟರು ಮುಚ್ಚಿದ ಪುಸ್ತಕದ ಮೇಲೆ ಬೆರಳಿನಿಂದ ಗೆರೆ ಎಳೆದರು. "ದಪ್ಪಗಿರೋರು ಜಾಸ್ತಿ ಬಟ್ಟೆ ತಗೊಳ್ತಾರೆ. ಬಟ್ಟೆಯಿಂದ ದಪ್ಪ ಆದ್ರು ಅನ್ನೋಕಾಗಲ್ಲ."

"ಹಾಗೇ ಅಂದ್ಕೊಳ್ಳಿ."

"ಇಲಿ ಅಳತೆಗೆ ಹೊಲಿದ ಕೋಟನ್ನ ಮನುಷ್ಯನಿಗೆ ಹಾಕಿ ನೋಡ್ಬೇಕಲ್ವಾ? ಟ್ರಯಲ್ ನೋಡಿಲ್ವಾ ಯಾರೂ?"

"ಸರಿಯಾದ ಟ್ರಯಲ್ ಅಂದ್ರೆ, ಅರ್ಧ ಜನಕ್ಕೆ ಮಾತ್ರೆ ಕೊಡ್ಬೇಕು, ಇನ್ನರ್ಧ ಜನಾನ ನೋವಲ್ಲೇ ಬಿಡ್ಬೇಕು. ಯಾರನ್ನ ಬಿಡೋಣ ಮಾಸ್ಟ್ರೇ?"

ಮಾಸ್ಟರು ಬಾಗಿಲಾಚೆ ಕಾಯುತ್ತಿದ್ದವರ ಸಾಲಿನ ಕಡೆ ನೋಡಿದರು.

"ಅಂದ್ರೆ ನಿಮಗೂ ಗೊತ್ತಿಲ್ಲ."

"ಗೊತ್ತಿಲ್ಲ. ಈ ಮಾತ್ರೆ ನಿಮ್ಮ ದಿನಗಳಲ್ಲಿ ಒಂದೆರಡನ್ನ ಕಿತ್ಕೊಳ್ಳಬಹುದು, ಕಿತ್ಕೊಳ್ಳದೇನೂ ಇರಬಹುದು. ನೋವು ಕಿತ್ಕೊಳ್ತಿರೋ ದಿನಗಳಾದ್ರೆ ಎಣಿಸೋಕೆ ಸಿಗುತ್ತೆ."

"ಆರು ದಿನ," ಎಂದರು ಅಕ್ಕ. "ಆರು ದಿನದಲ್ಲಿ ನಾನು ಕಲಿತಿದ್ದು ಎರಡು ಎಡಭಾಗ."

ಮಾಸ್ಟರು ಅಂಗಿ ಸರಿಪಡಿಸಿಕೊಂಡು ಎದ್ದರು. ಅವರನ್ನು ಒಪ್ಪಿಸಿದ್ದು ಆ 'ಗೊತ್ತಿಲ್ಲ' ಎಂದೇ ನನ್ನ ಊಹೆ. ತೊಳೆದರೆ ಈ ಬಟ್ಟೆ ಕುಗ್ಗುತ್ತದೆಯೇ ಎಂದು ಗಿರಾಕಿ ಕೇಳಿದಾಗ ಅವರೂ ಅದನ್ನೇ ಹೇಳಿ, ಕಾಲಿಂಚು ಬಿಡುತ್ತಿದ್ದರು. ಬಾಗಿಲ ಬಳಿ ತಿರುಗಿ ನಿಂತರು.

"ಡಾಕ್ಟ್ರಮ್ಮ, ಆ ಕೋಟು ಕಳಿಸಿಕೊಡಿ. ಎಡಭುಜ ಎತ್ತಿಕೊಡ್ತೀವಿ."

ಮಾತ್ರೆ ಮತ್ತೆ ಶುರುವಾಯಿತು. ಈ ಸಲ ಸಿರಪ್ಪಿನೊಂದಿಗೆ. ಮೂರು ದಿನದಲ್ಲಿ ಹೊಟ್ಟೆ ಮೂವತ್ತಮೂರರಿಂದ ಮೂವತ್ತೊಂದೂಕಾಲಿಗೆ ಇಳಿಯಿತು. ಪುಟ ನೋಡಿದ ಭಾವಮೈದ ಬೆರಗಾದ. ಇಷ್ಟು ಬೇಗ ಗಡ್ಡೆ ಕರಗಿಸುವ ಮದ್ದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಸಿರಪ್ಪಿನ ಹೆಸರು ಕೇಳಿ, ಫೋನಿನಲ್ಲಿ ಬರೆದುಕೊಂಡ. ಅಕ್ಕ ಅವನಿಗೆ ವಿಷಯ ಹೇಳಿದ್ದು ಒಂದು ವಾರ ಬಿಟ್ಟು. ಅಷ್ಟರಲ್ಲಿ ಅವನ ಗಿರಾಕಿಗಳಲ್ಲಿ ಇಬ್ಬರು ಕುಡಿದಾಗಿತ್ತು.

ಅನುಮಾನ ಪೂರ್ತಿ ಹೋಯಿತೆಂದು ಹೇಳಲಾರೆ. ಪ್ರತಿ ಸಲವೂ ಮಾಸ್ಟರು ಮಾತ್ರೆಯನ್ನು ಅಂಗೈ ಮೇಲಿಟ್ಟು ಒಂದು ಗಳಿಗೆ ನೋಡುತ್ತಿದ್ದರು. ಒಳಗೆ ಏನು ಮಾಡುತ್ತೀಯೋ ಮಾರಾಯ ಎನ್ನುವ ಹಾಗೆ.

"ಅಳತೆ ತಗೊಂಡಿದ್ದು ಸಾಕು. ನುಂಗಿ," ಎನ್ನುತ್ತಿದ್ದರು ಅಕ್ಕ.

ನುಂಗಿ ಅರ್ಧ ಗಂಟೆಗೆ ಅವರು ಮೇಜಿನ ಮುಂದಿರುತ್ತಿದ್ದರು. ಮೊದಲು ಬಳಪ ಕೊಟ್ಟರು. ಒಂದು ದಿನ ಮಾತಿಲ್ಲದೆ ದೊಡ್ಡ ಕತ್ತರಿಯನ್ನೇ ಹಿಡಿಯ ಕಡೆಯಿಂದ ಮುಂದೆ ಮಾಡಿದರು. ಅಕ್ಕ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಬಟ್ಟೆ ಮಡಚಿದರು, ಒಳಮೈಗೆ ಒಳಮೈ. ತೋಳಿನ ಬಾಗು ಬಂದಾಗ ಮಾಸ್ಟರು ಹೇಳುವುದಕ್ಕೆ ಬಾಯಿ ತೆರೆದರು. ಹೇಳುವ ಮೊದಲೇ ಕತ್ತರಿ ಆ ಬಾಗನ್ನು ದಾಟಿತ್ತು, ಸರಿಯಾಗಿ.

"ಇದನ್ನ ಯಾವಾಗ ಕಲಿತೆ?"

"ಮೂವತ್ತು ವರ್ಷದಿಂದ ನೀವು ಕತ್ತರಿಸಿದ್ದನ್ನ ಬಿಚ್ಚಿ ಬಿಚ್ಚಿ ರಿಪೇರಿ ಮಾಡಿದೀನಿ. ಬಿಚ್ಚಿದವಳಿಗೆ ಆಕಾರ ಗೊತ್ತಿರಲ್ವಾ?"

"ಮತ್ತೆ ಹೇಳಲೇ ಇಲ್ಲ."

"ಕೇಳಲೇ ಇಲ್ಲ ನೀವು."

ಮೂರು ವರ್ಷದ ವಿದ್ಯೆ ಏಳು ವಾರದಲ್ಲಿ ಮುಗಿಯಿತು. ಆ ಏಳು ವಾರಗಳಲ್ಲಿ ಮಾತ್ರೆಯ ಪ್ರಮಾಣ ಎರಡು ಸಲ ಏರಿತು, ಮಾಸ್ಟರ ಮುಖ ಇನ್ನಷ್ಟು ಇಳಿಯಿತು. ಐದನೆಯ ವಾರ ಅಳತೆ ಪುಸ್ತಕದ ಅವರ ಪುಟದಲ್ಲಿ ಸಾಲುಗಳು ನಿಂತವು. ಆರನೆಯ ವಾರ ಅವರು ಮೇಜು ಬಿಟ್ಟು ಬಾಗಿಲ ಪಕ್ಕದ ಯಂತ್ರದ ಮುಂದೆ, ಅಕ್ಕನ ಹಳೆಯ ಜಾಗದಲ್ಲಿ, ದಿಂಬು ಒತ್ತಿಕೊಂಡು ಕೂತು ಗುಂಡಿ ಹಾಕತೊಡಗಿದರು. ಪ್ಯಾಂಟಿನ ದಾರ ಮಾತ್ರ ಹಾಗೆಯೇ ಇತ್ತು, ಗಂಟು ಪ್ರತಿವಾರ ಸ್ವಲ್ಪ ಒಳಕ್ಕೆ ಜರುಗುತ್ತ.

ಗೇಟಿನವನ ಕೋಟು ಅಕ್ಕ ಮೊದಲಿಂದ ಕೊನೆಯವರೆಗೆ ಒಬ್ಬರೇ ಕತ್ತರಿಸಿದ್ದು. ಅವನು ಅದನ್ನು ತೊಟ್ಟು ನೋಡಲು ಬಂದ ದಿನ ಮದರ್ ಕೂಡ ತಲೆ ತಗ್ಗಿಸಿ ಆ ಮೆಟ್ಟಿಲ ಕೆಳಗೆ ಬಂದರು. ಅವನು ಒಡೆದ ಕನ್ನಡಿಯ ಮುಂದೆ ನಿಂತು ಕೈ ಮೇಲೆತ್ತಿದ, ಇಳಿಸಿದ. ಎಲ್ಲೂ ಸುಕ್ಕಿಲ್ಲ, ಎಲ್ಲೂ ಎಳೆತವಿಲ್ಲ. ಮಾಸ್ಟರು ಕೂತಲ್ಲಿಂದಲೇ ಅವನನ್ನು ಒಂದು ಸುತ್ತು ತಿರುಗಲು ಹೇಳಿ, ಭುಜ, ಬೆನ್ನು, ತೋಳು ಎಲ್ಲ ನೋಡಿ, "ಆಯ್ತು" ಎಂದರು. ಆ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅಕ್ಕ ತಿರುಗಿ ಬಳಪದ ಡಬ್ಬಿಯನ್ನು ಸುಮ್ಮಸುಮ್ಮನೆ ಜೋಡಿಸಿದರು.

"ಶಾಲೆಯ ಆ ಅರವತ್ತು ಕೋಟೂ ಇಲ್ಲೇ ಆಗ್ಲಿ," ಎಂದರು ಮದರ್, ಅಕ್ಕನ ಕಡೆ ನೋಡಿ. ಆಮೇಲೆ ಸ್ಟೂಲನ್ನು ಮಾಸ್ಟರ ಹತ್ತಿರ ಎಳೆದುಕೊಂಡು ಕೂತರು. ಅವರ ಕೈಯಲ್ಲಿ ಜಪಮಾಲೆಯಿತ್ತು. ಸಾಯುವವರ ಪಕ್ಕ ಕೂತು ಅವರಿಗೆ ಅಭ್ಯಾಸವಿತ್ತು, ಅಂಥವರು ಕೊನೆಗೆ ಏನೇನು ಹೇಳುತ್ತಾರೆಂಬುದೂ ಗೊತ್ತಿತ್ತು.

"ಮಾಸ್ಟ್ರೇ, ಒಂದು ಮಾತು ಕೇಳಲಾ? ಕಲಿಸೋದು ಮುಗೀತು. ದಿನ ಬೇಕು ದಿನ ಬೇಕು ಅಂತಿದ್ರಿ. ಇನ್ನು ಉಳಿದಿರೋ ದಿನಗಳಲ್ಲಿ ಏನು ಮಾಡ್ಬೇಕು ಅಂತ ಮನಸ್ಸಲ್ಲಿದೆ?"

ಗೇಟಿನವನೂ ಕನ್ನಡಿ ಬಿಟ್ಟು ಇತ್ತ ತಿರುಗಿದ. ಮಾಸ್ಟರು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟು, ನಿಜವಾಗಿಯೂ ಯೋಚಿಸಿದರು. ಯಂತ್ರದ ಮೇಲೆ ಕೈಯೂರಿ ನಿಧಾನವಾಗಿ ಎದ್ದು ನಿಂತರು. ಇನ್ನೊಂದು ಕೈಯಿಂದ ಸೊಂಟದ ದಾರ ಹಿಡಿದುಕೊಂಡು, ಹೆಂಡತಿಯ ಕಡೆ ನೋಡಿದರು.

"ಈ ಪ್ಯಾಂಟಿನ ಸೊಂಟ ಹಿಡಿಸ್ಕೋಬೇಕು ಮದರ್."